ಕಾರ್ಖಾನೆಯಿಂದ ಉಪನ್ಯಾಸಪೀಠಕ್ಕೆ

ಹೊರಗೆ ಕೆಲಸ ಸಿಕ್ಕದವರು ಪಾಠ ಹೇಳಲು ಬರುತ್ತಾರೆಂಬ ಮಾತು ನಮ್ಮಲ್ಲಿ ಆಗಾಗ್ಗೆ ಕೇಳಿಬರುತ್ತದೆ. ನಾನು ರಸಾಯನಶಾಸ್ತ್ರದ ವಿದ್ಯಾರ್ಥಿಯಲ್ಲ. ಆದರೆ ನಮ್ಮ ಮನೆತನದಲ್ಲಿ ಮೊದಲ ಪದವೀಧರನಾಗಲಿರುವ ನನಗೆ, ಮುಂದೆ ಉದ್ಯೋಗವೋ ಅಧ್ಯಾಪನವೋ ಎಂಬ ಪ್ರಶ್ನೆ ಎದುರಾಗಿರುವುದರಿಂದ ಈ ಮಾತನ್ನು ಒರೆಗೆ ಹಚ್ಚಿ ನೋಡಬೇಕೆನಿಸಿತು. ಅದಕ್ಕಾಗಿ ಅಮೆರಿಕದ ರಸಾಯನಶಾಸ್ತ್ರಜ್ಞ ಪಾಲ್ ಫ್ಲೋರಿಯವರ ಜೀವನವನ್ನು ಆರಿಸಿಕೊಂಡಿದ್ದೇನೆ.

1910ರಲ್ಲಿ ಇಲಿನಾಯ್ ಪ್ರಾಂತದಲ್ಲಿ ಜನಿಸಿದ ಫ್ಲೋರಿಯವರು 1934ರಲ್ಲಿ ಡಾಕ್ಟರೇಟ್ ಪಡೆದು ಡ್ಯುಪಾಂಟ್ ಕಂಪನಿಯ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರಿಗೆ ದೊರೆತ ಹಿರಿಯರು ವಾಲೇಸ್ ಕ್ಯಾರದರ್ಸ್. ಮರುವರ್ಷ ನೈಲಾನನ್ನು ಸೃಷ್ಟಿಸಿದ್ದು ಇವರ ತಂಡವೇ.

ನೈಲಾನಿನಂತಹ ಪದಾರ್ಥದಲ್ಲಿ ಸಣ್ಣ ಅಣುಗಳು ಕೈ ಕೈ ಹಿಡಿದು ಉದ್ದನೆಯ ಸರಪಳಿಯಾಗುತ್ತವೆ. ಸರಪಳಿ ಬೆಳೆದಂತೆಲ್ಲ ಅದರ ತುದಿಯ ಚುರುಕು ತಗ್ಗುವುದೆಂದು ಹಲವರು ಭಾವಿಸಿದ್ದರು. ಹಾಗಲ್ಲ, ಉದ್ದ ಎಷ್ಟೇ ಆಗಲಿ, ತುದಿಯ ಚುರುಕು ಒಂದೇ ಎಂದು ಫ್ಲೋರಿ ಎಣಿಸಿದರು. ಇದರಿಂದ ಲೆಕ್ಕ ಸುಲಭವಾಯಿತು. ನೂರು ಕೈಗಳಲ್ಲಿ 95 ಕೂಡಿಕೊಂಡಿದ್ದರೆ ಸರಪಳಿಯ ಸರಾಸರಿ ಉದ್ದ 20 ಕೊಂಡಿಗಳು. 99 ಕೂಡಿದರೆ 100 ಕೊಂಡಿಗಳು. ಎಂದರೆ ಕೊನೆಯ ನಾಲ್ಕು ಕೈಗಳು ಕೂಡುವುದರಿಂದಲೇ ಉದ್ದ ಐದು ಪಟ್ಟಾಗುತ್ತದೆ! ಗಟ್ಟಿಯಾದ ನೂಲು ಬೇಕಾದರೆ ಕ್ರಿಯೆಯನ್ನು ಕೊನೆಮುಟ್ಟಿಸಲೇಬೇಕೆಂಬುದಕ್ಕೆ ಇದೇ ಕಾರಣ. 1936ರಲ್ಲಿ ಪ್ರಕಟವಾದ ಈ ವಿಚಾರ ಹುಟ್ಟಿದ್ದು ಕಾರ್ಖಾನೆಯ ಅಗತ್ಯದಿಂದ ಎಂಬುದನ್ನು ನಾವು ಮರೆಯಬಾರದು.

1937ರಲ್ಲಿ ಕ್ಯಾರದರ್ಸ್ ತೀರಿಕೊಂಡರು. ಮರುವರ್ಷ ಫ್ಲೋರಿ ಸಿನ್ಸಿನಾಟಿ ವಿಶ್ವವಿದ್ಯಾನಿಲಯಕ್ಕೆ ಬಂದರು. ಅಷ್ಟರಲ್ಲಿ ಮಹಾಯುದ್ಧ ಒದಗಿ, ಕೃತಕ ರಬ್ಬರು ಅತ್ಯಗತ್ಯವಾಯಿತು. ಅವರು ಮತ್ತೆ ಉದ್ಯಮಕ್ಕೆ ಮರಳಿ, ಮೊದಲು ಸ್ಟಾಂಡರ್ಡ್ ಆಯಿಲ್ ಕಂಪನಿಯ ಪ್ರಯೋಗಾಲಯದಲ್ಲಿಯೂ, 1943ರಿಂದ ಗುಡ್‌ಇಯರ್ ಕಂಪನಿಯಲ್ಲಿಯೂ ದುಡಿದರು.

1948ರಲ್ಲಿ ಪೀಟರ್ ಡಿಬೈ ಅವರ ಆಹ್ವಾನದ ಮೇರೆಗೆ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಮಾಲೆಯೊಂದನ್ನು ಕೊಟ್ಟರು. ಅದೇ ವರ್ಷ ಅಲ್ಲಿಯೇ ಪ್ರಾಧ್ಯಾಪಕರಾದರು. ಸರಪಳಿಯ ಎರಡು ಭಾಗಗಳು ಏಕಕಾಲದಲ್ಲಿ ಒಂದೇ ಜಾಗದಲ್ಲಿ ಇರಲಾರವಷ್ಟೆ. ಆದುದರಿಂದ ದ್ರಾವಣದಲ್ಲಿ ಅದು ಎಷ್ಟು ಹರಡಿಕೊಳ್ಳುತ್ತದೆ? ಈ ಕಠಿಣ ಪ್ರಶ್ನೆಗೆ ಅವರಿಗೆ ದಾರಿ ಹೊಳೆದದ್ದು ಆ ಉಪನ್ಯಾಸಗಳ ಅವಧಿಯಲ್ಲಿಯೇ. ಉಪನ್ಯಾಸಗಳು ಬೆಳೆದು 1953ರಲ್ಲಿ ದೊಡ್ಡ ಗ್ರಂಥವಾದುವು. ಈ ಶಾಸ್ತ್ರಕ್ಕೆ ಅದು ಆಧಾರಗ್ರಂಥವಾಯಿತು. 1961ರಲ್ಲಿ ಅವರು ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿದರು. 1974ರಲ್ಲಿ ನೊಬೆಲ್ ಪಾರಿತೋಷಕ ಅವರನ್ನು ಅರಸಿ ಬಂದಿತು. 1985ರಲ್ಲಿ ಅವರು ಕಾಲವಾದರು.

ಕಾರ್ಖಾನೆಯಲ್ಲಿ ಪ್ರಶ್ನೆಗಳು ಬಿಡಿಬಿಡಿಯಾಗಿ ಬರುತ್ತವೆ: ಇಂದು ನೂಲಿನದು, ನಾಳೆ ರಬ್ಬರಿನದು. ಪಾಠ ಹೇಳುವವನಾದರೋ ಅವೆಲ್ಲವನ್ನೂ ಒಂದೇ ಎಳೆಯಲ್ಲಿ ಪೋಣಿಸಿ, ಏನೂ ತಿಳಿಯದವನಿಗೂ ಬುಡದಿಂದ ತಿಳಿಸಬೇಕು. ಹಾಗೆ ಪೋಣಿಸುವಾಗಲೇ ಎಲ್ಲಿ ಎಳೆ ತುಂಡಾಗಿದೆಯೆಂಬುದು ಅವನಿಗೆ ಕಾಣುತ್ತದೆ. ಫ್ಲೋರಿಯವರಿಗೆ ಕಾರ್ಖಾನೆ ಪ್ರಶ್ನೆಗಳನ್ನು ಕೊಟ್ಟಿತು. ಉಪನ್ಯಾಸಪೀಠ ಅವುಗಳಿಗೆ ಕ್ರಮವನ್ನು ಕೊಟ್ಟಿತು. ಆದಕಾರಣ ಅಧ್ಯಾಪನವು ಸೋತವರ ತಂಗುದಾಣವೆಂಬ ಮಾತನ್ನು ನಾನು ಒಪ್ಪಲಾರೆ. ಮೊದಲು ಉದ್ಯೋಗಕ್ಕೆ ಹೋಗಬೇಕಾಗಿ ಬರುವ ನನ್ನಂತಹ ಸಹಪಾಠಿಗಳೂ, ವಿದ್ಯೆಯ ಬಾಗಿಲು ಅಲ್ಲಿಗೇ ಮುಚ್ಚಿತೆಂದು ಎದೆಗುಂದಬೇಕಾಗಿಲ್ಲ.