ಅಂಟಿನ ಮೂತಿ ಕಟ್ಟಿಕೊಳ್ಳದಿರಲು ಹೀಗೆ ಮಾಡಿ

ವಿಮಾನ, ಹಡಗು, ಕಟ್ಟಡಗಳ ಪುಟ್ಟ ಮಾದರಿ ಮಾಡುವ ಹವ್ಯಾಸಿಗಳು ಅರ್ಧ ಅಂಟು ಉಳಿದಿರುವಾಗಲೇ ಬಾಟಲಿ ಎಸೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಮೂತಿ ಕಟ್ಟಿತೆಂದು ಗುಂಡುಪಿನ್ನು ಚುಚ್ಚುತ್ತಾರೆ. ಪಿನ್ನೇ ಒಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಬ್ಲೇಡಿನಿಂದ ತುದಿ ಕತ್ತರಿಸುತ್ತಾರೆ. ತೂತು ದೊಡ್ಡದಾಗಿ, ಒಂದು ಹನಿ ಬೇಕಾದ ಕಡೆ ಐದು ಹನಿ ಸುರಿಯುತ್ತದೆ. ಅಂಟು ಹಚ್ಚುವಾಗ ಮೂತಿ ಕಟ್ಟುವುದು ಅಪರೂಪ. ಹಚ್ಚಿ ಮುಗಿದ ಮೇಲೆ ಒಳಗೆ ಉಳಿಯುತ್ತದಲ್ಲ, ಆ ಅಂಟೇ ಕಟ್ಟುವುದು.

ಅತಿ ಹೆಚ್ಚು ತೊಂದರೆ ಕೊಡುವುದು ಫೆವಿಕ್ವಿಕ್ ಜಾತಿಯ ಸೂಪರ್ ಗ್ಲೂ. ಇದು ಒಣಗಿ ಗಟ್ಟಿಯಾಗುವ ಅಂಟಲ್ಲ. ತೇವ ತಾಗಿ ಗಟ್ಟಿಯಾಗುತ್ತದೆ. ಗಾಳಿಯ ತೇವವೇ ಅದಕ್ಕೆ ಸಾಕು.

ಸೂಪರ್ ಗ್ಲೂ ಬಳಸುವ ಕ್ರಮ

1. ಬಾಟಲಿಯಿಂದ ನೇರವಾಗಿ ಮಾದರಿಗೆ ಹಚ್ಚಬೇಡಿ. ತೊಳೆದು ಪೂರ್ತಿ ಒಣಗಿಸಿದ ಹಾಲಿನ ಪ್ಯಾಕೆಟ್ ತುಂಡಿನ ಮೇಲೆ ಒಂದೆರಡು ಹನಿ ಹಾಕಿಕೊಳ್ಳಿ. ಆ ಪ್ಲಾಸ್ಟಿಕ್‌ಗೆ ಈ ಅಂಟು ಸರಿಯಾಗಿ ಹಿಡಿಯುವುದಿಲ್ಲ.

2. ದಪ್ಪ ಹೊಲಿಗೆ ಸೂಜಿಯ ಕಣ್ಣಿನ ತುದಿಯನ್ನು ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ. ತುಂಡು ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಉಳಿದ ಎರಡು ಕವಲುಗಳ ನಡುವೆ ಬೇಕಾದಷ್ಟೇ ಅಂಟು ನಿಲ್ಲುತ್ತದೆ. ಮೊನೆಯ ಕಡೆಯನ್ನು ಬಿದಿರುಕಡ್ಡಿಗೆ ಸಿಕ್ಕಿಸಿದರೆ ಹಿಡಿ ಸಿದ್ಧ.

3. ಬಾಟಲಿ ನೆಟ್ಟಗೆ ಹಿಡಿದು ತಳವನ್ನು ಮೇಜಿಗೆ ಮೆಲ್ಲಗೆ ಎರಡು ಮೂರು ಸಲ ತಟ್ಟಿ. ಮೂತಿಯಲ್ಲಿ ನಿಂತ ಅಂಟು ಕೆಳಗಿಳಿಯಲಿ. ತುದಿಯನ್ನು ಒಣ ಪ್ಯಾಕೆಟ್ ತುಂಡಿನಿಂದಲೇ ಒರೆಸಿ, ಆಮೇಲೆ ಮುಚ್ಚಳ. ಹತ್ತಿ, ಹಳೆಯ ಬನಿಯನ್ ಬಟ್ಟೆ ಬೇಡವೇ ಬೇಡ. ಹತ್ತಿ ಹೀರಿದ ಸೂಪರ್ ಗ್ಲೂ ದಿಢೀರನೆ ಕಾದು ಬೆರಳು ಸುಡಬಹುದು.

4. ಬಿರುಕು ತುಂಬಲು ಅಡುಗೆ ಸೋಡಾ ಬಳಸುವವರು ಮೂತಿಗೆ ಸೋಡಾ ತಾಗದಂತೆ ನೋಡಿಕೊಳ್ಳಿ. ತಾಗಿದರೆ ಆ ಕ್ಷಣವೇ ಕಲ್ಲು.

ಕಟ್ಟಿದ ಮೂತಿಯನ್ನು ಕಳಚಲು ಬಂದರೆ ಗಾಜಿನ ಲೋಟದಲ್ಲಿ ಅಸಿಟೋನ್ ಹಾಕಿ ರಾತ್ರಿಯಿಡೀ ಮುಚ್ಚಿಡಿ, ಒಣಗಿಸಿ ಜೋಡಿಸಿ. ನೀರಿನಲ್ಲಿ ತೊಳೆಯಬೇಡಿ. ಅಸಿಟೋನ್ ಕಿಟ್‌ನ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ದೂರವಿಡಿ.

ಫ್ರಿಜ್ಜಿನ ವಿಚಾರ

‘ಸೂಪರ್ ಗ್ಲೂ ಫ್ರಿಜ್ಜಿನಲ್ಲಿಟ್ಟರೆ ಬಾಳಿಕೆ ಜಾಸ್ತಿ’ ಎನ್ನುವುದನ್ನು ಎಲ್ಲರೂ ಕೇಳಿರುತ್ತಾರೆ. ಒಡೆಯದ ಬಾಟಲಿಯ ಮಟ್ಟಿಗೆ ಮಾತು ನಿಜ. ಹೊರತೆಗೆದ ಮೇಲೆ ಏನು ಮಾಡಬೇಕೆಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿ ಬೆವರುವಂತೆ ಇದೂ ಬೆವರುತ್ತದೆ. ಆಗಲೇ ಮುಚ್ಚಳ ತೆರೆದರೆ ತಣ್ಣಗಿನ ಮೂತಿಯ ಒಳಗೂ ಹೊರಗೂ ತೇವ ಕೂರುತ್ತದೆ. ಅಂಟು ಕಾಯುತ್ತಿರುವುದೂ ಅದಕ್ಕೇ! ಆಷಾಢದ ಮಳೆಯಲ್ಲಿ ಮಂಗಳೂರು, ಉಡುಪಿ, ಶಿರಸಿಯ ಕಡೆ ಹೀಗೆ ಮಾಡಿದರೆ ಬಾಟಲಿಯ ಆಯಸ್ಸು ನೀವೇ ಕಡಿಮೆ ಮಾಡಿದಂತೆ.

ಆದ್ದರಿಂದ ಹೊರತೆಗೆದ ಬಾಟಲಿಯನ್ನು ಮುಚ್ಚಳ ಬಿಚ್ಚದೆ ಒಂದೆರಡು ಗಂಟೆ ಬಿಡಿ. ಮುಟ್ಟಿದರೆ ತಣ್ಣಗಿರಬಾರದು. ಹೊರಮೈ ಒರೆಸಿ, ಆಮೇಲೆ ತೆರೆಯಿರಿ. ಒಮ್ಮೆ ಒಡೆದ ಬಾಟಲಿಯನ್ನು ಮತ್ತೆ ಫ್ರಿಜ್ಜಿಗೆ ಸೇರಿಸದಿರುವುದೇ ಲೇಸು. ಗಾಳಿಯಾಡದ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ನೆಟ್ಟಗೆ ನಿಲ್ಲಿಸಿ, ನೆರಳಿನಲ್ಲಿಡಿ. ಹಳೆಯ ಪೊಟ್ಟಣ ಆಗಲೇ ತೇವ ಕುಡಿದಿರುತ್ತದೆ; ಅದರಿಂದ ಉಪಯೋಗವಿಲ್ಲ. ಸಣ್ಣ ಕೆಲಸದವರಿಗೆ ನನ್ನ ಸಲಹೆ: ದೊಡ್ಡ ಬಾಟಲಿಯ ಗೊಡವೆಯೇ ಬೇಡ, ಪುಟ್ಟ ಟ್ಯೂಬುಗಳನ್ನೇ ಕೊಳ್ಳಿ.

ಉಳಿದ ಅಂಟುಗಳು

ಪ್ಲಾಸ್ಟಿಕ್ ಕಿಟ್‌ಗಳ ಸಿಮೆಂಟ್ ಅಂಟಿಗೆ ಲೋಹದ ಸಣ್ಣ ಕೊಳವೆ ಇರುತ್ತದೆ. ಇಲ್ಲಿ ದ್ರಾವಕ ಆರಿ ಕಟ್ಟುತ್ತದೆ. ಬಳಸಿದ ಕೂಡಲೇ ಗಿಟಾರಿನ ಅತಿ ತೆಳು ತಂತಿಯ ತುಂಡೊಂದನ್ನು ಕೊಳವೆಗೆ ತೂರಿಸಿಡಿ. ಲೈಟರ್ ಹಿಡಿದು ಬಿಸಿಮಾಡುವ ರೂಢಿಯೂ ಇದೆ. ಕೊಳವೆ ಬಾಟಲಿಯಲ್ಲಿದ್ದಾಗ ಎಂದೂ ಹಾಗೆ ಮಾಡಬೇಡಿ, ದ್ರಾವಕಕ್ಕೆ ಬೆಂಕಿ ಹತ್ತುತ್ತದೆ. ತಂತಿಯಿಂದ ಆಗದಿದ್ದರೆ ಕೊಳವೆ ಬದಲಿಸಿ.

ಫೆವಿಕಾಲ್‌ನಂಥ ಬಿಳಿ ಅಂಟಾದರೆ ಮೂತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಪಿನ್ನಿನಿಂದ ಬಿಡಿಸಿದರಾಯಿತು. ಪಿನ್ನನ್ನು ಒಳಗೇ ಬಿಡುವುದಾದರೆ ತುಕ್ಕು ಹಿಡಿಯದ ಸ್ಟೀಲಿನದೇ ಇರಲಿ.

ಯಾವ ಅಂಟೇ ಆಗಲಿ, ಕಟ್ಟಿದ ಬಾಟಲಿಯನ್ನು ಮುಖದ ಕಡೆ ತಿರುಗಿಸಿ ಹಿಂಡಬೇಡಿ. ಕಣ್ಣಿಗೆ ಸಿಡಿದರೆ ಉಜ್ಜದೆ, ನೀರಿನಿಂದ ತೊಳೆದು ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.