ವಿಮಾನ ನಿಲ್ದಾಣದ ನೆಲಬರಹ: ಓದು, ಸಂದೇಹ, ಸುರಕ್ಷತೆ

ವಿಮಾನವೆಂದೊಡನೆ ನಮ್ಮ ದೃಷ್ಟಿ ಆಕಾಶದ ಕಡೆಗೆ ಹೊರಳುವುದು ಸಹಜ. ಆದರೆ ವಿಮಾನಯಾನದ ಇತಿಹಾಸದಲ್ಲಿ ಅತ್ಯಧಿಕ ಪ್ರಾಣಹಾನಿಗೆ ಕಾರಣವಾದ ಅಪಘಾತವು ಆಕಾಶದಲ್ಲಿ ನಡೆದುದಲ್ಲ. ನೆಲದ ಮೇಲೆ ನಡೆದುದು. ವಿಜಯಪುರದ ಸಮೀಪ ಬುರಣಾಪುರ-ಮದಭಾವಿ ಸೀಮೆಯಲ್ಲಿ ವಿಮಾನ ನಿಲ್ದಾಣದ ಕಾರ್ಯಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಂದಿನಿಂದ ನಮ್ಮ ಇಂಗಳೇಶ್ವರದ ಮಕ್ಕಳಿಗೂ ಈ ವಿಷಯದಲ್ಲಿ ಕುತೂಹಲ ಹುಟ್ಟಿದೆ. "ಗುರುಗಳೇ, ಅಷ್ಟು ಅಗಲವಾದ ದಾರಿ ಇರುವಾಗ ಪೈಲಟ್ ದಾರಿ ತಪ್ಪುವುದಾದರೂ ಹೇಗೆ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದನು. ನಾನು ವ್ಯಾಕರಣ, ಅಲಂಕಾರಗಳನ್ನು ಓದಿದವನೇ ಹೊರತು ಯಂತ್ರಶಾಸ್ತ್ರವನ್ನು ಬಲ್ಲವನಲ್ಲ. ಆದರೂ ಆ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ, ಇದು ಯಂತ್ರಕ್ಕಿಂತ ಹೆಚ್ಚಾಗಿ ಬರಹ ಮತ್ತು ಓದಿಗೆ ಸಂಬಂಧಿಸಿದ್ದೆಂದು ಮನವರಿಕೆಯಾಯಿತು. ಅದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇನೆ.

ನೆಲದ ಲಿಪಿ

ವಿಮಾನವು ಏರುವ ಮತ್ತು ಇಳಿಯುವ ಪಟ್ಟಿಗೆ ರನ್‌ವೇ ಎಂದು ಹೆಸರು. ನಿಲ್ದಾಣದ ಕಟ್ಟಡದಿಂದ ಅಲ್ಲಿಯವರೆಗೆ ವಿಮಾನವು ಮೆಲ್ಲನೆ ಉರುಳಿಕೊಂಡು ಹೋಗುವ ದಾರಿಯೇ ಟ್ಯಾಕ್ಸಿವೇ. ರನ್‌ವೇಯ ಮೇಲಿನ ಗುರುತುಗಳು ಬಿಳಿಯ ಬಣ್ಣದವು. ಟ್ಯಾಕ್ಸಿವೇಯ ಗುರುತುಗಳು ಹಳದಿ. ರನ್‌ವೇಯ ತುದಿಯಲ್ಲಿ ಬರೆದಿರುವ ಅಂಕಿಯು ದಿಕ್ಸೂಚಿಯ ಅಂಶವನ್ನು ಹತ್ತರಿಂದ ಭಾಗಿಸಿ ಬಂದದ್ದು. ಪೂರ್ವಾಭಿಮುಖವಾದರೆ 90 ಅಂಶ, ಆದ್ದರಿಂದ 09. ಅದೇ ಪಟ್ಟಿಯನ್ನು ಪಶ್ಚಿಮಾಭಿಮುಖವಾಗಿ ಬಳಸಿದರೆ 27. ಸಮಾನಾಂತರವಾಗಿ ಎರಡು ಪಟ್ಟಿಗಳಿದ್ದರೆ ಎಡ, ಬಲ ಎಂಬ ವಿಶೇಷಣ ಸೇರುವುದು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ 2019ರ ಡಿಸೆಂಬರಿನಿಂದ ಎರಡು ರನ್‌ವೇಗಳಿವೆ. ಅಲ್ಲಿಯ ಉತ್ತರದ ಪಟ್ಟಿಯು ಪೂರ್ವಕ್ಕೆ ಮುಖಮಾಡಿದವನಿಗೆ "09 ಎಡ", ಪಶ್ಚಿಮಕ್ಕೆ ಮುಖಮಾಡಿದವನಿಗೆ "27 ಬಲ". ನೆಲ ಒಂದೇ, ಹೆಸರು ಎರಡು.

ದಾರಿಯ ಪಕ್ಕದ ಫಲಕಗಳಿಗೂ ನಿಯಮವುಂಟು. ಕಪ್ಪು ನೆಲದ ಮೇಲೆ ಹಳದಿ ಅಕ್ಷರವಿದ್ದರೆ "ನೀನು ಇಲ್ಲಿರುವೆ" ಎಂದರ್ಥ. ಹಳದಿ ನೆಲದ ಮೇಲೆ ಕಪ್ಪು ಅಕ್ಷರವಿದ್ದರೆ "ಆ ದಾರಿ ಅತ್ತ ಇದೆ" ಎಂದರ್ಥ. ಕೆಂಪು ನೆಲದ ಮೇಲೆ ಬಿಳಿಯ ಅಕ್ಷರವಿದ್ದರೆ ಅದು ಆಜ್ಞೆ, ಅಪ್ಪಣೆಯಿಲ್ಲದೆ ಮುಂದುವರಿಯಕೂಡದು. ರನ್‌ವೇಯನ್ನು ಪ್ರವೇಶಿಸುವ ಮುನ್ನ ನೆಲದ ಮೇಲೆ ನಾಲ್ಕು ಹಳದಿ ಗೆರೆಗಳನ್ನು ಅಡ್ಡಲಾಗಿ ಎಳೆದಿರುತ್ತಾರೆ. ಟ್ಯಾಕ್ಸಿವೇಯ ಕಡೆಗೆ ಎರಡು ಅಖಂಡ ಗೆರೆಗಳು, ರನ್‌ವೇಯ ಕಡೆಗೆ ಎರಡು ತುಂಡುಗೆರೆಗಳು. ಅಖಂಡ ಗೆರೆಯ ಕಡೆಯಿಂದ ಬಂದವನು ನಿಲ್ಲಲೇಬೇಕು. ತುಂಡುಗೆರೆಯ ಕಡೆಯಿಂದ ಬಂದವನು ದಾಟಿ ಹೊರಬರಬೇಕು. ಟ್ಯಾಕ್ಸಿವೇಗಳಿಗೆ ಇಂಗ್ಲಿಷ್ ವರ್ಣಮಾಲೆಯ ಅಕ್ಷರಗಳೇ ಹೆಸರು. ಅವುಗಳಲ್ಲಿ ಐ, ಓ, ಎಕ್ಸ್ ಎಂಬ ಮೂರನ್ನು ಬಿಟ್ಟಿದ್ದಾರೆ. ಮೊದಲಿನೆರಡು ಒಂದು ಮತ್ತು ಸೊನ್ನೆಯ ಅಂಕಿಗಳಂತೆ ಕಾಣುತ್ತವೆ. ಮೂರನೆಯದು ಮುಚ್ಚಿದ ದಾರಿಯ ಗುರುತು. ಹೀಗೆ ರೂಪಸಾಮ್ಯದಿಂದ ಭ್ರಾಂತಿ ಹುಟ್ಟಬಾರದೆಂಬ ಎಚ್ಚರ ಈ ಲಿಪಿಯನ್ನು ರೂಪಿಸಿದವರಿಗಿತ್ತು.

ಮೂರನೆಯದು ಯಾವುದು?

ಇಷ್ಟಾದರೂ ತಪ್ಪುಗಳು ನಡೆದಿವೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ನಿಲ್ದಾಣದಲ್ಲಿ ದಟ್ಟವಾದ ಮಂಜು ಕವಿದಿತ್ತು. ಎರಡು ಬೋಯಿಂಗ್ 747 ವಿಮಾನಗಳು ಒಂದೇ ರನ್‌ವೇಯ ಮೇಲಿದ್ದವು. ಡಚ್ಚರ ಕೆ.ಎಲ್.ಎಂ. ವಿಮಾನವು ತುದಿಗೆ ಹೋಗಿ ತಿರುಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ವಿಮಾನವು ಹಿಂದೆ ಬರುತ್ತಿದ್ದು, ಮೂರನೆಯ ತಿರುವಿನಲ್ಲಿ ಹೊರಹೋಗಬೇಕೆಂದು ಅದಕ್ಕೆ ಆಜ್ಞೆಯಾಗಿತ್ತು. ತಿರುವುಗಳ ಬಳಿ ಹೆಸರಿನ ಫಲಕಗಳಿರಲಿಲ್ಲ. ಎಣಿಕೆ ಎಲ್ಲಿಂದ ಆರಂಭವಾಗಬೇಕು? ನಕ್ಷೆಯ ಮೂರನೆಯ ತಿರುವು ಅಷ್ಟು ದೊಡ್ಡ ವಿಮಾನಕ್ಕೆ ಹೊರಳಲು ಕಷ್ಟವಾದ ಕೋನದಲ್ಲಿತ್ತು. ಪ್ಯಾನ್ ಆಮ್ ವಿಮಾನವು ಅದನ್ನು ದಾಟಿ ನಾಲ್ಕನೆಯದರ ಕಡೆಗೆ ಸಾಗುತ್ತಿತ್ತು.

ಅಷ್ಟರಲ್ಲಿ ಕೆ.ಎಲ್.ಎಂ. ವಿಮಾನದವರು ತಾವು ಟೇಕಾಫ್‌ನಲ್ಲಿರುವುದಾಗಿ ತಿಳಿಸಿದರು. ಹೊರಟೇಬಿಟ್ಟಿದ್ದೇವೆಂಬುದು ಅವರ ತಾತ್ಪರ್ಯ. ಏರುವ ಸ್ಥಳದಲ್ಲಿ ಕಾದು ನಿಂತಿದ್ದಾರೆಂದು ನಿಯಂತ್ರಕನು ಗ್ರಹಿಸಿದನು. ನಮ್ಮ ಶಾಸ್ತ್ರಕಾರರು "ಸೈಂಧವ" ಎಂಬ ಶಬ್ದವನ್ನು ಉದಾಹರಿಸುತ್ತಾರೆ. ಅದಕ್ಕೆ ಉಪ್ಪೆಂದೂ ಕುದುರೆಯೆಂದೂ ಅರ್ಥವಿದೆ. ಊಟಕ್ಕೆ ಕುಳಿತವನು ಸೈಂಧವ ತಾ ಎಂದರೆ ಉಪ್ಪನ್ನೂ, ಪಯಣಕ್ಕೆ ಹೊರಟವನು ಹಾಗೆಂದರೆ ಕುದುರೆಯನ್ನೂ ತರಬೇಕು. ಹೇಳುವವನು, ಕೇಳುವವನು ಇಬ್ಬರೂ ಎದುರುಬದುರಾಗಿದ್ದರೆ ಪ್ರಕರಣದಿಂದ ಅರ್ಥವು ನಿಶ್ಚಯವಾಗುವುದು. ಮಂಜಿನಲ್ಲಿ ಒಬ್ಬರನ್ನೊಬ್ಬರು ಕಾಣದಿದ್ದ ಅಲ್ಲಿ ಆ ಆಧಾರವೇ ಇರಲಿಲ್ಲ. ಎರಡು ವಿಮಾನಗಳೂ ಡಿಕ್ಕಿ ಹೊಡೆದು 583 ಜನ ಮಡಿದರು. ಆ ಮೇಲೆ, ಏರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದುಪಡಿಸುವಾಗ ಮಾತ್ರ "ಟೇಕಾಫ್" ಶಬ್ದವನ್ನು ಬಳಸಬೇಕೆಂಬ ನಿಯಮ ರೂಢಿಗೆ ಬಂದಿತು.

ಮಾಸಿದ ಅಕ್ಷರ, ಮುಚ್ಚಿದ ದಾರಿ

2001ರ ಅಕ್ಟೋಬರ್ 8ರಂದು ಇಟಲಿಯ ಮಿಲಾನ್ ನಗರದ ಲಿನಾಟೆ ನಿಲ್ದಾಣದಲ್ಲಿಯೂ ಮಂಜು ಕವಿದಿತ್ತು. ಆರ್ 5 ಎಂಬ ದಾರಿಯಲ್ಲಿ ಹೋಗಬೇಕಾದ ಚಿಕ್ಕ ವಿಮಾನವೊಂದು ಆರ್ 6ರಲ್ಲಿ ಹೋಯಿತು. ನೆಲದ ಬರಹ ಸವೆದು ಮಾಸಿತ್ತು. ಪೈಲಟ್ ತಾನು ಎಸ್ 4 ಎಂಬ ಗುರುತಿನ ಬಳಿ ಬಂದಿರುವುದಾಗಿ ವರದಿ ಮಾಡಿದನು. ಆ ಗುರುತು ನೆಲದ ಮೇಲಿತ್ತು, ನಕ್ಷೆಯಲ್ಲಿರಲಿಲ್ಲ. ನಿಯಂತ್ರಕನಿಗೂ ಅದರ ಅರಿವಿರಲಿಲ್ಲ. ನೆಲದ ಸಂಚಾರವನ್ನು ತೋರುವ ರಾಡಾರ್ ಕೂಡ ಕೆಲಸ ಮಾಡುತ್ತಿರಲಿಲ್ಲ. ಮುಂದುವರಿಯಲು ಅನುಮತಿ ಸಿಕ್ಕಿತು. ಆ ಚಿಕ್ಕ ವಿಮಾನವು ರನ್‌ವೇಯನ್ನು ಹೊಕ್ಕಿತು. ಏರಲು ಧಾವಿಸುತ್ತಿದ್ದ ದೊಡ್ಡ ವಿಮಾನವು ಅದಕ್ಕೆ ಬಡಿದು 118 ಜನ ಅಸುನೀಗಿದರು.

ನಮ್ಮೂರಿನ ವಚನ ಶಿಲಾಮಂಟಪದಲ್ಲಿ ಕಲ್ಲಿನ ಮೇಲೆ ಕೊರೆದ ಅಕ್ಷರಗಳು ತಲೆಮಾರುಗಳನ್ನು ದಾಟಿ ಬಾಳುವಂಥವು. ವಿಮಾನ ನಿಲ್ದಾಣದ ಅಕ್ಷರಗಳಾದರೋ ಬಣ್ಣದವು. ಬಿಸಿಲು, ಮಳೆ, ಗಾಲಿಗಳ ಉಜ್ಜುವಿಕೆಯಿಂದ ಸವೆಯುತ್ತವೆ. ಮಾಸಿದ ಶಾಸನವನ್ನು ಓದುವ ಸಂಶೋಧಕನು ಒಂದು ಅಕ್ಷರ ತಪ್ಪಿದರೆ ಮುಂದಿನ ಸಂಪುಟದಲ್ಲಿ ತಿದ್ದಿಕೊಳ್ಳಬಹುದು. ಪೈಲಟನಿಗೆ ಅಂಥ ಅವಕಾಶವಿಲ್ಲ. ಆದುದರಿಂದ ಬಣ್ಣ ಬಳಿಯುವ ಕೂಲಿಯವನ ಕೆಲಸವೂ ಅಲ್ಲಿ ಪ್ರಾಣರಕ್ಷಣೆಯ ಕೆಲಸವೇ ಆಗಿದೆ.

2000ದ ಅಕ್ಟೋಬರ್ 31ರ ರಾತ್ರಿ ತೈಪೆಯಲ್ಲಿ ಬಿರುಗಾಳಿ, ಮಳೆ. ಸಿಂಗಪುರದ ವಿಮಾನವೊಂದು "05 ಎಡ"ದಿಂದ ಏರಬೇಕಾದುದು, ದುರಸ್ತಿಗಾಗಿ ಮುಚ್ಚಿದ್ದ "05 ಬಲ"ದ ಮೇಲೆ ಓಡಿ ಅಲ್ಲಿದ್ದ ಯಂತ್ರೋಪಕರಣಗಳಿಗೆ ಅಪ್ಪಳಿಸಿತು. 83 ಜನ ಸತ್ತರು. ಅಪ್ಪಣೆಯನ್ನು ಅವರು ಸರಿಯಾಗಿಯೇ ಕೇಳಿದ್ದರು. ತಾವು ನಿಂತ ನೆಲವನ್ನು ಸರಿಯಾಗಿ ಓದಿರಲಿಲ್ಲ.

ನಮ್ಮ ನಾಡಿನ ಎಚ್ಚರಿಕೆ

ಇದು ಪರದೇಶದ ಮಾತೆಂದು ನಾವು ನಿಶ್ಚಿಂತರಾಗಿರಲಾಗದು. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಒಂದೇ ರನ್‌ವೇಯನ್ನು ಬಳಸಬೇಕೆಂದು ನಡುವೆ ನಿರ್ಣಯವಾಯಿತು. ಆ ಸಂಗತಿ ದಕ್ಷಿಣದ ಪಟ್ಟಿಯನ್ನು ನೋಡಿಕೊಳ್ಳುತ್ತಿದ್ದ ನಿಯಂತ್ರಕರಿಗೆ ತಲುಪಲಿಲ್ಲ. ಎರಡು ವಿಮಾನಗಳು ಎರಡು ಪಟ್ಟಿಗಳಿಂದ ಹೆಚ್ಚುಕಡಿಮೆ ಏಕಕಾಲಕ್ಕೆ ಮೇಲೇರಿ ಪರಸ್ಪರ ಸಮೀಪಿಸತೊಡಗಿದವು. ರಾಡಾರ್ ನೋಡುತ್ತಿದ್ದ ನಿಯಂತ್ರಕರು ಅದನ್ನು ಗುರುತಿಸಿ ದಿಕ್ಕು ಬದಲಿಸುವಂತೆ ಹೇಳಿದುದರಿಂದ ಅನಾಹುತ ತಪ್ಪಿತು. ಇಲ್ಲಿ ಗುರುತು ಮಾಸಿರಲಿಲ್ಲ, ಮಾತು ಮುಟ್ಟಿರಲಿಲ್ಲ.

ಮತ್ತೊಮ್ಮೆ ಕೇಳುವ ಧೈರ್ಯ

ಇದಕ್ಕೆ ವಿಮಾನಯಾನಿಗಳು ಕಂಡುಕೊಂಡ ಪರಿಹಾರಗಳು ಶಿಕ್ಷಕರಾದ ನಮಗೆ ಅಪರಿಚಿತವೇನಲ್ಲ. ರನ್‌ವೇಯನ್ನು ಹೊಗುವ, ದಾಟುವ ಅಥವಾ ಅದರ ಮುಂದೆ ನಿಲ್ಲುವ ಅಪ್ಪಣೆಯನ್ನು ಪೈಲಟ್ ತನ್ನ ಬಾಯಿಂದ ಮರಳಿ ಹೇಳಬೇಕು; ನಿಯಂತ್ರಕನು ಅದನ್ನು ಕಿವಿಗೊಟ್ಟು ಕೇಳಿ ತಿದ್ದಬೇಕು. ನಾವು ಪಾಠ ಒಪ್ಪಿಸುವುದೆಂದು ಕರೆಯುವುದು ಇದನ್ನೇ. ನೆಲದ ಗುರುತು, ನಕ್ಷೆ, ಕೇಳಿದ ಮಾತು ಈ ಮೂರೂ ಹೊಂದದಿದ್ದರೆ ವಿಮಾನವನ್ನು ನಿಲ್ಲಿಸಿ ವಿಚಾರಿಸಬೇಕು.

ಟೆನೆರೀಫ್‌ನ ಪ್ರಸಂಗದಲ್ಲಿ ಇನ್ನೊಂದು ಸಂಗತಿಯುಂಟು. ಕೆ.ಎಲ್.ಎಂ. ವಿಮಾನವು ಓಡತೊಡಗಿದಾಗ ಅದರ ಫ್ಲೈಟ್ ಇಂಜಿನಿಯರ್, ಆ ಇನ್ನೊಂದು ವಿಮಾನ ದಾರಿ ಬಿಟ್ಟಿಲ್ಲವೇನು ಎಂದು ಸಂದೇಹದಿಂದ ಕೇಳಿದನು. ಅನುಭವಿಯಾದ ಹಿರಿಯ ಕ್ಯಾಪ್ಟನ್ ಬಿಟ್ಟಿದೆಯೆಂದು ಒತ್ತಿ ನುಡಿದನು. ಕಿರಿಯನು ಸುಮ್ಮನಾದನು. ಈ ಅಪಘಾತದ ನಂತರದ ವರ್ಷಗಳಲ್ಲಿ, ಕಿರಿಯರು ಸಂದೇಹವನ್ನು ಗಟ್ಟಿಯಾಗಿ ಹೇಳಬೇಕು, ಹಿರಿಯರು ಅದನ್ನು ಆಲಿಸಬೇಕು ಎಂಬ ತರಬೇತಿ ಜಗತ್ತಿನಾದ್ಯಂತ ಬೆಳೆಯಿತು.

ಇದನ್ನು ಓದಿದಾಗ ನನ್ನ ವೃತ್ತಿಯ ಆರಂಭದ ಒಂದು ದಿನ ನೆನಪಾಯಿತು. ಕಪ್ಪು ಹಲಗೆಯ ಮೇಲೆ ಆಗಮ ಸಂಧಿಯ ಉದಾಹರಣೆಯೊಂದನ್ನು ನಾನು ಆದೇಶ ಸಂಧಿಯ ಕೆಳಗೆ ಬರೆದಿದ್ದೆ. ಹಿಂದಿನ ಸಾಲಿನ ಹುಡುಗನು ಎದ್ದು ನಿಂತು ಅಂಜುತ್ತ ಕೇಳಿದನು. ಗದರಿಸಿ ಕೂರಿಸಿದೆ. ಸಂಜೆ ಮನೆಯಲ್ಲಿ ತಪ್ಪು ಹೊಳೆಯಿತು. ಮರುದಿನ ಹಲಗೆಯನ್ನು ತಿದ್ದಿದೆ, ಹುಡುಗನಿಗೆ ಏನೂ ಹೇಳಲಿಲ್ಲ. ಆ ವರ್ಷವಿಡೀ ಅವನು ಮತ್ತೆ ಪ್ರಶ್ನೆ ಕೇಳಲಿಲ್ಲ.

ನಮ್ಮ ಶಾಲೆಯ ಮಕ್ಕಳಲ್ಲಿ ಯಾರಾದರೂ ನಾಳೆ ವಿಮಾನವನ್ನು ನಡೆಸಬಹುದು, ನಿಯಂತ್ರಣ ಗೋಪುರದಲ್ಲಿ ಕೂರಬಹುದು, ಇಲ್ಲವೇ ನೆಲದ ಮೇಲೆ ಆ ಹಳದಿ ಗೆರೆಗಳನ್ನು ಎಳೆಯಬಹುದು. "ಅರ್ಥವಾಗಲಿಲ್ಲ, ಮತ್ತೊಮ್ಮೆ ಹೇಳಿ" ಎಂಬ ಮಾತು ಅವರ ಬಾಯಿಂದ ಸಂಕೋಚವಿಲ್ಲದೆ ಬರಬೇಕಾದರೆ, ಅದರ ರೂಢಿ ನಮ್ಮ ತರಗತಿಯಲ್ಲಿಯೇ ಆಗಬೇಕು. ದಾನಿಗಳು ಕಟ್ಟಿಸಿಕೊಟ್ಟ ಕೋಣೆಗಳಲ್ಲಿ ಆ ಮಾತಿಗೆ ಎಡೆ ಮಾಡಿಕೊಡುವುದು ಶಿಕ್ಷಕರಾದ ನಮಗೆ ಸೇರಿದ ಕೆಲಸ.