ಸಿಸೇರಿಯನ್ ಆದ ಹಸುವಿನ ಆರೈಕೆ

ಜಗಳೂರು ಭಾಗದ ಹೈನುಗಾರ ಅಕ್ಕಂದಿರೇ,

ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರು ಬಾರದಿದ್ದರೆ ಇನ್ನೂ ಕಾಯಬೇಡಿ. ನಾಲ್ಕು ಜನ ಹಗ್ಗ ಕಟ್ಟಿ ಎಳೆದರೆ ಗರ್ಭಕೋಶವೇ ಹರಿಯಬಹುದು. ಕೂಡಲೇ ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ. ಸಿಸೇರಿಯನ್ ಬೇಗ ಆದಷ್ಟೂ ಹಸು, ಕರು ಉಳಿಯುವ ಸಾಧ್ಯತೆ ಹೆಚ್ಚು.

ವೈದ್ಯರು ಬರುವಷ್ಟರಲ್ಲಿ: ಜಾರದ ಒಣ ಜಾಗ, ಒಳ್ಳೆಯ ಬೆಳಕು, ಎರಡು ಬಕೆಟ್ ಬೆಚ್ಚಗಿನ ನೀರು, ಸೋಪು, ಹಸು ಹಿಡಿಯಲು ಇಬ್ಬರು ಇರಲಿ.

ಆಪರೇಷನ್ ನಂತರ:

1. ಕರುವಿಗೆ ಒಂದು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಿ.

2. 12 ಗಂಟೆಯಲ್ಲಿ ಸತ್ತೆ ಬೀಳದಿದ್ದರೆ ಎಳೆಯಬೇಡಿ, ವೈದ್ಯರಿಗೆ ತಿಳಿಸಿ.

3. ಗಾಯಕ್ಕೆ ಬೂದಿ, ಸಗಣಿ ಹಚ್ಚಬೇಡಿ. ಕೀವು, ಜ್ವರ ಕಂಡರೆ, ಮೇವು ಬಿಟ್ಟರೆ ತಡಮಾಡದೆ ತೋರಿಸಿ. ಹೊಲಿಗೆಯನ್ನು 10ರಿಂದ 14 ದಿನಕ್ಕೆ ಬಿಚ್ಚಿಸಿ.

4. ಇಂಜೆಕ್ಷನ್ ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

– ಪಶುವೈದ್ಯಾಧಿಕಾರಿ